ಎತ್ತು ಬಿಚ್ಚುವ ಜಾಗ

ಗಲ್ಫ್‌ನಿಂದ ರಜೆಗೆ ಬಂದಿದ್ದ ನಮ್ಮ ಸಂಬಂಧಿಕರು ಕಳೆದ ಚಳಿಗಾಲದಲ್ಲಿ ಬೆಂಗಳೂರಿನಿಂದ ಒಂದು ಕ್ಯಾಂಪರ್ ವ್ಯಾನ್ ಬಾಡಿಗೆಗೆ ತಂದು, ತುಮಕೂರಿನ ನಮ್ಮ ಮನೆಯ ಮುಂದೆ ನಿಲ್ಲಿಸಿದರು. ಒಳಗೆ ಹಾಸಿಗೆ, ಗ್ಯಾಸ್ ಒಲೆ, ನೀರಿನ ಟ್ಯಾಂಕ್, ಪುಟ್ಟ ಶೌಚಾಲಯ ಎಲ್ಲವೂ ಇದ್ದವು. ಶನಿವಾರ, ಭಾನುವಾರ ಗುಬ್ಬಿ, ಕುಣಿಗಲ್ ಕಡೆ ಸುತ್ತಿ ಬರುವುದೆಂದು ತೀರ್ಮಾನವಾಯಿತು. ಮಕ್ಕಳಿಗೆ ಹಬ್ಬವೇ ಹಬ್ಬ. ಎಂಬತ್ತು ದಾಟಿದ ನಮ್ಮ ದಾದಿ ವ್ಯಾನಿನ ಸುತ್ತ ಒಂದು ಸುತ್ತು ಬಂದು ಕೇಳಿದರು: "ಗಾಡಿಯೇನೋ ಚೆಂದ ಇದೆ ಬೇಟಾ. ಇದರ ಎತ್ತು ಬಿಚ್ಚೋದು ಎಲ್ಲಿ?"

ನಾವೆಲ್ಲ ನಕ್ಕೆವು. ಆದರೆ ಆ ರಾತ್ರಿ ನಮ್ಮನ್ನು ಕಾಡಿದ್ದು ಅದೇ ಪ್ರಶ್ನೆ. ಗುಬ್ಬಿ ದಾಟಿದ ಮೇಲೆ ಮೂರು ಕಡೆ ವ್ಯಾನ್ ನಿಲ್ಲಿಸಲು ಜಾಗ ಕೇಳಿದೆವು. ಒಂದು ಕಡೆ ತೋಪು ಇದ್ದ ಜಾಗದಲ್ಲಿ ನಿವೇಶನದ ಕಲ್ಲುಗಳು ನಿಂತಿದ್ದವು. ಇನ್ನೊಂದು ಕಡೆ ಕೆರೆ ದಡಕ್ಕೆ ಹೋಗುವ ದಾರಿಗೆ ತಂತಿಬೇಲಿ. ಮೂರನೆಯ ಕಡೆ, ರಾತ್ರಿ ಹೊತ್ತು ಅಪರಿಚಿತರು ಇಲ್ಲಿರುವುದು ಬೇಡವೆಂದರು. ಕೊನೆಗೆ ಕುಣಿಗಲ್ ಕಡೆಯ ಒಂದು ರೆಸಾರ್ಟಿನಲ್ಲಿ ಹಣ ಕೊಟ್ಟು ಕಾಂಪೌಂಡಿನೊಳಗೆ ವ್ಯಾನ್ ನಿಲ್ಲಿಸಿ ಮಲಗಿದೆವು.

ಮನೆಯನ್ನು ಗಾಲಿಯ ಮೇಲಿಟ್ಟು ಸಂಸಾರ ಸಮೇತ ಹೊರಡುವುದು ಹೊಸ ಸಂಗತಿಯೆಂದು ಇಂದು ಹಲವರು ಭಾವಿಸಿದ್ದಾರೆ. 'ಕಾರವಾನ್' ಎಂಬುದು ಪಾರಸಿ ಮಾತು. ಒಟ್ಟಾಗಿ ಸಾಗುವ ಪ್ರಯಾಣಿಕರ ತಂಡಕ್ಕೆ ಆ ಹೆಸರು. ಅವರು ತಂಗುವ ಮನೆ ಸರಾಯಿ. ಅದೇ ಪದ ಇಂಗ್ಲಿಷಿಗೆ ಹೋಗಿ, ಅಲ್ಲಿ ಮೊಟಕಾಗಿ 'ವ್ಯಾನ್' ಆಗಿ ನಮ್ಮಲ್ಲಿಗೆ ಮರಳಿದೆ. ಇಂಗ್ಲೆಂಡಿನಲ್ಲಿ ಬರೀ ವಿಹಾರಕ್ಕೆಂದೇ ಇಂಥ ಗಾಡಿ ಮಾಡಿಸಿಕೊಂಡವರಲ್ಲಿ ಮೊದಲಿಗರೆಂದು ಹೆಸರಾದವರು ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯರು. 1885ರಲ್ಲಿ ಅವರು 'ವಾಂಡರರ್' ಎಂಬ ಗಾಡಿ ಮಾಡಿಸಿ, ಎರಡು ಕುದುರೆ ಕಟ್ಟಿ, ದಕ್ಷಿಣ ಇಂಗ್ಲೆಂಡಿನಿಂದ ಸ್ಕಾಟ್‌ಲೆಂಡಿನ ಇನ್ವರ್ನೆಸ್‌ವರೆಗೆ ಸಾಗಿದರು.

ಅದಕ್ಕೆ ಒಂದು ವರ್ಷ ಮೊದಲು, 1884ರಲ್ಲಿ, ನಮ್ಮ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಚಂದಣ್ಣ ಮತ್ತು ಅಬ್ದುಲ್ ಅಜೀಜ್ ಸಾಹೇಬ್ ಎಂಬ ಗೆಳೆಯರಿದ್ದರು. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಅದು ನಾಡಿಗೇ ಹೆಸರಾದ ಕಂಪೆನಿಯಾಯಿತು. ಅದರದು ಬದುಕಿಡೀ ಪ್ರಯಾಣ. ಒಂದೂರಿನಲ್ಲಿ ಕೆಲವು ಕಾಲ 'ಕ್ಯಾಂಪ್', ಆಮೇಲೆ ಪರದೆ, ಪೆಟ್ಟಿಗೆ, ಪಾತ್ರೆಪಗಡ, ಹೆಂಡತಿ ಮಕ್ಕಳ ಸಮೇತ ಇನ್ನೊಂದೂರು. ರಾಜ್‌ಕುಮಾರ್, ಬಿ.ವಿ. ಕಾರಂತ, ಬಿ. ಜಯಶ್ರೀ ಅವರಂಥವರು ಎಳವೆಯಲ್ಲೇ ಈ ಕ್ಯಾಂಪುಗಳ ಬದುಕನ್ನು ಕಂಡವರು. 1884ರಲ್ಲೇ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. 1889ರ ಹೊತ್ತಿಗೆ ಹಳಿ ಗುಬ್ಬಿ ದಾಟಿ ಹರಿಹರ ಮುಟ್ಟಿತು. ಕಂಪೆನಿಯ ಓಡಾಟಕ್ಕೆ ಅದು ಅನುಕೂಲವಾಯಿತು.

ಆದರೆ ನಾಟಕ ನೋಡಲು ಬರುತ್ತಿದ್ದ ರೈತಾಪಿ ಸಂಸಾರಗಳ ವಾಹನ ಕಮಾನು ಗಾಡಿಯೇ. ಬಿದಿರು ಬಾಗಿಸಿ ಮೇಲೆ ಚಾಪೆ ಹೊದಿಸಿದ ಕಮಾನು, ಕೆಳಗೆ ಹುಲ್ಲು ಹಾಸಿ ಮೇಲೆ ಜಮಖಾನ, ಅಡಿಯಲ್ಲಿ ತೂಗುವ ಲಾಟೀನು, ಬುತ್ತಿಗಂಟು, ಎತ್ತಿನ ಮೇವು. ನಮ್ಮ ಸೀಮೆಯ ಹಳ್ಳಿಕಾರ್ ಎತ್ತುಗಳು ಗಾಡಿ ಎಳೆಯುವುದರಲ್ಲಿ ಹೆಸರುವಾಸಿ. ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರು. ರಾತ್ರಿ ಊಟ ಮಾಡಿ ಹೊರಟರೆ ಬೆಳಗಿನ ಜಾವಕ್ಕೆ ಸೇರಬಹುದು. ಕುಣಿಗಲ್ಲಿಗೆ ಸುಮಾರು 35. ನಡುವೆ ಒಮ್ಮೆ ಎತ್ತು ಬಿಚ್ಚಲೇಬೇಕು. ಸಿದ್ಧಗಂಗೆಯ ದನಗಳ ಜಾತ್ರೆ, ಗುಬ್ಬಿಯ ತೇರು, ಎಡೆಯೂರಿನ ಜಾತ್ರೆ, ದರ್ಗಾಗಳ ಉರುಸ್, ಎಲ್ಲದಕ್ಕೂ ಜನ ಹೀಗೇ ಹೋಗುತ್ತಿದ್ದರು. ದಾದಿಯೂ ಬಾಲ್ಯದಲ್ಲಿ ಹೀಗೆ ಹೋದವರೇ. ಗಾಡಿಯ ಕೆಳಗೆ ಮಲಗಿ ನೊಗದ ಸಂದಿಯಿಂದ ನಕ್ಷತ್ರ ಎಣಿಸುತ್ತಿದ್ದುದನ್ನು ಅವರು ಈಗಲೂ ಹೇಳುತ್ತಾರೆ.

ಈ ಪ್ರಯಾಣ ನಡೆಯುತ್ತಿದ್ದುದು ಗಾಡಿಯೊಂದರಿಂದಲೇ ಅಲ್ಲ. ದಾರಿಯುದ್ದಕ್ಕೂ ತಂಗಲು ಜಾಗವಿತ್ತು. ಊರ ಹೊರಗೆ ಮಾವು, ನೇರಳೆ, ಹುಣಸೆ, ಹೊಂಗೆಗಳ ಗುಂಡುತೋಪು. ಪಕ್ಕದಲ್ಲಿ ಕೆರೆ ಇಲ್ಲವೇ ಬಾವಿ. ಪೇಟೆಯಲ್ಲಿ ಛತ್ರ, ಮುಸಾಫಿರ್‌ಖಾನೆ. ಬೇಸಿಗೆಯಲ್ಲಿ ಅರವಟ್ಟಿಗೆ. ಗುಂಡುತೋಪು ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಅದು ಊರಿನದು, ದಾರಿಹೋಕನದು. ಇಂದಿಗೂ ಕಂದಾಯ ದಾಖಲೆಗಳಲ್ಲಿ 'ಗುಂಡುತೋಪು' ಎಂಬ ಹೆಸರು ಉಳಿದಿದೆ. ಮರ ನೆಡುವುದನ್ನು ನಮ್ಮ ಹಿರಿಯರು ಪುಣ್ಯವೆಂದರು, ಸವಾಬ್ ಎಂದರು. ಇದೇ ಜಿಲ್ಲೆಯ ಶಿರಾದಲ್ಲಿ ಹದಿನೆಂಟನೆಯ ಶತಮಾನದಲ್ಲಿ ಮೊಗಲ್ ಸುಬೇದಾರ ದಿಲಾವರ್ ಖಾನ್ ಮಾಡಿಸಿದ ಖಾನ್ ಬಾಗ್, ಬೆಂಗಳೂರಿನ ಲಾಲ್‌ಬಾಗಿಗೆ ಮಾದರಿಯಾಯಿತೆಂಬ ಮಾತಿದೆ. ಅರಸರು ಬಾಗ್ ಮಾಡಿಸಿದರೆ, ಹೆಸರಿಲ್ಲದ ಹಳ್ಳಿಗರು ತೋಪು ನೆಟ್ಟರು. ಬಾಗ್‌ನ ಕಥೆ ಪುಸ್ತಕ ಸೇರಿತು. ತೋಪಿನ ಕಥೆಯನ್ನು ಯಾರೂ ಬರೆದಿಡಲಿಲ್ಲ.

ಹಾಗೆಂದು ಆ ಕಾಲವನ್ನು ಸ್ವರ್ಗವೆಂದು ಹೇಳಲು ನಾವು ಸಿದ್ಧರಿಲ್ಲ. ತೋಪಿನ ನೆರಳಿಗೆ ಜಾತಿಯಿರಲಿಲ್ಲ, ಪಕ್ಕದ ಬಾವಿಗಿತ್ತು. ದಲಿತರಿಗೆ ನೀರು ಬೇಕಾದರೆ ಯಾರಾದರೂ ಸೇದಿ ಹುಯ್ಯಬೇಕಿತ್ತು. ಗಾಡಿಯಿಲ್ಲದ ಬಡವ ಮಕ್ಕಳನ್ನು ಹೆಗಲಿಗೇರಿಸಿಕೊಂಡು ನಡೆದೇ ಹೋಗುತ್ತಿದ್ದ. ಗಂಡಸರು ಜಮಖಾನದ ಮೇಲೆ ಒರಗಿದಾಗ ಹೆಂಗಸರು ಮೂರು ಕಲ್ಲು ಹುಡುಕಿ ಒಲೆ ಹೂಡುತ್ತಿದ್ದರು. ಇದೆಲ್ಲ ನಿಜ. ಇಷ್ಟಾದರೂ ಒಂದು ರಾತ್ರಿ ತಂಗಲು ಯಾರ ಬಳಿಯೂ ಚೀಟಿ ಪಡೆಯಬೇಕಾಗಿರಲಿಲ್ಲ. ಬೇರೆ ಬೇರೆ ಜಾತಿ, ಮತದ ಸಂಸಾರಗಳು ಒಂದೇ ತೋಪಿನಲ್ಲಿ ಹತ್ತಿರ ಹತ್ತಿರ ಒಲೆ ಉರಿಸಿದವು. ಬೆಂಕಿ, ಉಪ್ಪು, ಸುದ್ದಿ ಹಂಚಿಕೊಂಡವು. ಪರಿಚಯವಿಲ್ಲದವನು ಕಳ್ಳನೇ ಇರಬೇಕೆಂಬ ಇಂದಿನ ಅನುಮಾನಕ್ಕೆ ಅಲ್ಲಿ ಅಷ್ಟು ಎಡೆಯಿರಲಿಲ್ಲ.

ಆ ಜಾಗಗಳು ಹೇಗೆ ಹೋದವು? ಬಸ್ಸು, ಲಾರಿ ಬಂದ ಮೇಲೆ ತಂಗುವ ಅಗತ್ಯ ತಪ್ಪಿತು. ಬೇಡವಾದ ಜಾಗದ ಮೇಲೆ ಬಲಾಢ್ಯರ ಕಣ್ಣು ಬಿತ್ತು. ಹೆದ್ದಾರಿ ಅಗಲವಾದಂತೆ ಸಾಲುಮರಗಳು ಉರುಳಿದವು. ರಾಜ್ಯ ಸರ್ಕಾರ ನೇಮಿಸಿದ್ದ, ವಿ. ಬಾಲಸುಬ್ರಮಣಿಯನ್ ಅಧ್ಯಕ್ಷತೆಯ ಕಾರ್ಯಪಡೆ 2011ರಲ್ಲಿ ಕೊಟ್ಟ ವರದಿಯ ಪ್ರಕಾರ, ರಾಜ್ಯದಲ್ಲಿ ಒತ್ತುವರಿಯಾದ ಸಾರ್ವಜನಿಕ ಭೂಮಿ ಸುಮಾರು 11 ಲಕ್ಷ ಎಕರೆ. ಅದೇ ವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಹಳ್ಳಿಗಳ ಸಮುದಾಯ ಜಮೀನಿನ ಒತ್ತುವರಿ ತೆರವುಗೊಳಿಸಲು ಯೋಜನೆ ರೂಪಿಸಬೇಕೆಂದು ಎಲ್ಲ ರಾಜ್ಯಗಳಿಗೆ ಸೂಚಿಸಿತು. ತೀರ್ಪು ಇದೆ, ವರದಿಯೂ ಇದೆ. ಆದರೆ ನಾವು ಕೇಳಿದ ಕಡೆ ತೋಪು ಮಾತ್ರ ಇರಲಿಲ್ಲ.

ರೆಸಾರ್ಟನ್ನು ನಾವು ದೂರುವುದಿಲ್ಲ. ಮಕ್ಕಳು ಅಲ್ಲಿ ಸಂತೋಷವಾಗಿದ್ದರು. ಬಿಸಿನೀರು, ಬೆಳಕು, ಕಾವಲು ಎಲ್ಲ ಇತ್ತು. ಆದರೆ ಪಕ್ಕದ ವ್ಯಾನಿನಲ್ಲಿದ್ದ ಸಂಸಾರ ಯಾವ ಊರಿನದೆಂದು ನಮಗೂ ತಿಳಿಯಲಿಲ್ಲ, ಅವರೂ ಕೇಳಲಿಲ್ಲ. ಗೇಟಿನ ಆಚೆಯ ಹಳ್ಳಿಯ ಮಕ್ಕಳು ಬೇಲಿ ಹಿಡಿದು ನಿಂತು ನೋಡುತ್ತಿದ್ದರು. ಹಿಂದೆ ಜಾತ್ರೆಯ ಗಾಡಿ ಬಂದರೆ ಆ ಮಕ್ಕಳೇ ಮೊದಲು ಓಡಿ ಬಂದು ಎತ್ತಿಗೆ ನೀರು ತೋರಿಸುತ್ತಿದ್ದರು.

ಕಾರವಾನ್ ಪ್ರವಾಸಕ್ಕೆ ಉತ್ತೇಜನ ಕೊಡುವ ಮಾತನ್ನು ಸರ್ಕಾರವೂ ಆಡುತ್ತಿದೆ. ಒಳ್ಳೆಯದು. ಅದಕ್ಕಾಗಿ ಹೊಸ ಕಾಂಪೌಂಡು ಕಟ್ಟುವ ಮೊದಲು ಪ್ರತಿ ತಾಲ್ಲೂಕಿನ ದಾಖಲೆ ತೆಗೆದು, ಉಳಿದಿರುವ ಗುಂಡುತೋಪುಗಳನ್ನು ಅಳೆಯಿಸಲಿ. ನಾಲ್ಕು ಮರ, ಒಂದು ಕೊಳಾಯಿ, ಎರಡು ಶೌಚಾಲಯ, ಒಂದು ದೀಪ ಸಾಕು. ಅಲ್ಲಿ ಲಕ್ಷಾಂತರ ರೂಪಾಯಿಯ ವ್ಯಾನೂ ನಿಲ್ಲಲಿ, ಕುರಿ ಹಿಂಡಿನೊಡನೆ ಬರುವವನೂ ಮಲಗಲಿ, ಲಾರಿ ಚಾಲಕನೂ ಕಣ್ಣು ಮುಚ್ಚಲಿ. ಈ ಸಲ ಬಾವಿಯ ನೀರಿಗೆ ಜಾತಿ ಬೇಡ.

ಭಾನುವಾರ ಬೆಳಿಗ್ಗೆ ದಾದಿಯನ್ನು ಕುಣಿಗಲ್ ಕೆರೆಯ ಏರಿಗೆ ಕರೆದೊಯ್ದೆವು. ಜನಪದರು ಹಾಡು ಕಟ್ಟಿ ಕೊಂಡಾಡಿದ ಕೆರೆ ಅದು. ಏರಿಯ ಮೇಲೆ ನಿಂತು ಬಹಳ ಹೊತ್ತು ನೀರು ನೋಡಿದ ದಾದಿ, "ಇಲ್ಲೇ ಒಂದು ರಾತ್ರಿ ಇರಬಹುದಿತ್ತಲ್ಲ" ಎಂದರು. ಇರಬಹುದಿತ್ತು. ನಮ್ಮ ಮಕ್ಕಳಾದರೂ ಇರುವಂತಾಗಬೇಕಾದರೆ, ನಮ್ಮ ಊರಿನ ತೋಪು ಎಲ್ಲಿ ಹೋಯಿತೆಂದು ನಾವು ಇಂದೇ ಕೇಳಬೇಕು.