ಬಿದಿರು ಮತ್ತು ಕಾಗದ: ಒಂದು ಐತಿಹಾಸಿಕ ವಿವೇಚನೆ

ಕಾಗದದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರಗಳನ್ನು ಕುರಿತು ವಿಸ್ತಾರವಾಗಿ ಹೇಳಿ, ನಾರು ಬಂದ ನೆಲವನ್ನು ಮರೆತುಬಿಡುತ್ತಾರೆ. ಕನ್ನಡ ನಾಡಿನ ಮಟ್ಟಿಗೆ ಈ ಮರೆವು ಸಲ್ಲದು. ಇಲ್ಲಿಯ ಕಾರ್ಖಾನೆಗಳು ಮೊದಲು ನೆಚ್ಚಿದ್ದು ಹುಲ್ಲಿನ ಜಾತಿಗೆ ಸೇರಿದ ಬಿದಿರನ್ನು.

ಬಿದಿರಿನಿಂದ ಕಾಗದ ಮಾಡಬಹುದೆಂದು ಇಂಗ್ಲೆಂಡಿನ ಥಾಮಸ್ ರೌಟ್ಲೆಡ್ಜ್ 1875ರಲ್ಲಿಯೇ ಪ್ರತಿಪಾದಿಸಿದ್ದನು. ವಿಲಿಯಂ ರೈಟ್ ಡೆಹರಾಡೂನಿನಲ್ಲಿ ನಡೆಸಿದ ಪ್ರಯೋಗಗಳು ಅದನ್ನು ಕೈಗಾರಿಕೆಗೆ ಒಗ್ಗಿಸಿದವು. 1925ರ ಶಾಸನವೊಂದು ವಿದೇಶೀ ಕಾಗದದ ಮೇಲೆ ಸುಂಕ ವಿಧಿಸಿ ಅದಕ್ಕೆ ರಕ್ಷಣೆ ನೀಡಿತು. 1936ರಲ್ಲಿ ಭದ್ರಾವತಿಯ ಮೈಸೂರು ಕಾಗದದ ಕಾರ್ಖಾನೆಯೂ, 1955ರಲ್ಲಿ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾರ್ಖಾನೆಯೂ ಸ್ಥಾಪಿತವಾದವು. ಕಡಿದರೂ ಮತ್ತೆ ಚಿಗುರುವ ಬಿದಿರು ಎಂದೆಂದಿಗೂ ಬತ್ತದೆಂಬ ನಂಬಿಕೆ ಆಗ ಬಲವಾಗಿತ್ತು. ದಾಂಡೇಲಿಗೆ ಅದು ಟನ್ನಿಗೆ 1.50 ರೂಪಾಯಿಯಂತೆ ದೊರೆಯಿತು. ಬುಟ್ಟಿ, ಮೊರಗಳನ್ನು ಹೆಣೆದು ಬದುಕುವ ಮೇದಾರರಾದರೋ ಪೇಟೆಯಲ್ಲಿ ಇದರ ಎಷ್ಟೋ ಪಟ್ಟು ತೆರಬೇಕಾಗಿತ್ತು.

ಅವರ ದೂರಿನ ಫಲವಾಗಿ 1975ರಲ್ಲಿ ಸರ್ಕಾರವು ಬಿದಿರಿನ ಸ್ಥಿತಿಗತಿಗಳ ಅಧ್ಯಯನವನ್ನು ಮಾಧವ ಗಾಡ್ಗೀಳರಿಗೆ ವಹಿಸಿತು. ಮೆಳೆಗಳು ನಶಿಸಲು ಹಳ್ಳಿಗರ ದನವೂ ಕತ್ತಿಯೂ ಕಾರಣವೆಂಬುದು ಕಾರ್ಖಾನೆಯವರ ವಾದ. ಗಾಡ್ಗೀಳರು ಕಂಡದ್ದು ಬೇರೆ. ಮೆಳೆಯ ಬುಡವನ್ನು ಸುತ್ತಿಕೊಂಡ ಮುಳ್ಳಿನ ಹೊದಿಕೆಯನ್ನು ಕಾರ್ಖಾನೆಯ ಕೂಲಿಗಳು ಸವರಿಹಾಕುತ್ತಿದ್ದರು. ಇದರಿಂದ ಗಳಗಳನ್ನು ಕಡಿಯುವುದು ಸುಲಭವಾಗುತ್ತಿತ್ತು. ಮೆಳೆಯ ಒತ್ತು ತಗ್ಗಿ ಬೆಳವಣಿಗೆ ಹೆಚ್ಚುವುದೆಂಬ ಎಣಿಕೆಯೂ ಇದ್ದಿತು. ಮುಳ್ಳು ಹೋದೊಡನೆ ಎಳೆಯ ಕಳಲೆಯು ದನಗಳಿಗೂ ಕಾಡುಪ್ರಾಣಿಗಳಿಗೂ ಮೇವಾಯಿತು. ರೈತರು ಮುಳ್ಳನ್ನು ಹಾಗೆಯೇ ಬಿಟ್ಟು ಅದರ ಮೇಲಿನಿಂದ ಕಡಿದುಕೊಳ್ಳುತ್ತಿದ್ದರು. ದನ ಮೇಯ್ದದ್ದು ಸುಳ್ಳಲ್ಲ. ಬೇಲಿ ಕಿತ್ತವರಾರೆಂಬುದೇ ಪ್ರಶ್ನೆ. ಆದಕಾರಣ ಈ ನಾಶವನ್ನು ಬರಿಯ ಲೋಭದ ಕಥೆಯನ್ನಾಗಿ ಬರೆಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅಲ್ಪಬೆಲೆಯೂ ಅಲ್ಪಜ್ಞಾನವೂ ಇಲ್ಲಿ ಕೂಡಿ ಕೆಲಸಮಾಡಿವೆ.

ಬಿದಿರು ಕುಗ್ಗಿದಂತೆ ನೀಲಗಿರಿಯ ತೋಪುಗಳು ಹಬ್ಬಿದವು. ಮೇವು ಸೌದೆಗಳ ನೆಲವನ್ನು ಅವು ಆಕ್ರಮಿಸಲು, 1987ರಲ್ಲಿ ಧಾರವಾಡ ಜಿಲ್ಲೆಗೆ ಆಗ ಸೇರಿದ್ದ ಕುಸನೂರಿನ ಜನ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಅಲ್ಲಿಯ ತೋಪು ರೇಯಾನ್ ತಿರುಳಿಗೆಂದು ಬೆಳೆಸಿದ್ದಾದರೂ ವಿವಾದ ಒಂದೇ.

ಕಬ್ಬಿನ ಸಿಪ್ಪೆಯನ್ನು ಬಳಸಿದರೆ ಮರ ಉಳಿಯುವುದೆಂಬ ಮಾತು ನಿಜವೇ. ಆದರೆ ಆಲೆಮನೆಯ ಒಲೆಗೂ ಸಕ್ಕರೆ ಕಾರ್ಖಾನೆಯ ಬಾಯ್ಲರಿಗೂ ಅದೇ ಉರುವಲು. ತಮಿಳುನಾಡಿನ ಪುಗಳೂರಿನ ಕಾಗದದ ಕಾರ್ಖಾನೆಯು ಸಿಪ್ಪೆಯನ್ನು ಪಡೆಯಬೇಕಾದಾಗ ಸಕ್ಕರೆ ಕಾರ್ಖಾನೆಗಳಿಗೆ ಬದಲಿ ಇಂಧನವನ್ನು ಒದಗಿಸಬೇಕಾಯಿತು. ಆ ಇಂಧನದಲ್ಲಿ ಕಲ್ಲಿದ್ದಲೂ ಸೇರಿತ್ತು.