ಸರ್ಕಾರಿ ಫೋನಿಗೆ ಬೇಡವಾದ ಆ್ಯಪ್ ಚುನಾವಣಾ ಪ್ರಚಾರಕ್ಕೆ ಮಾತ್ರ ಬೇಕೆ?

2024ರ ಫೆಬ್ರವರಿ 11ರಂದು ಅಮೆರಿಕದ ಆಗಿನ ಅಧ್ಯಕ್ಷ ಜೋ ಬೈಡನ್ ಅವರ ಪ್ರಚಾರ ತಂಡ ಟಿಕ್‌ಟಾಕ್‌ನಲ್ಲಿ ಖಾತೆ ತೆರೆಯಿತು. ಅದಕ್ಕೆ ಸುಮಾರು ಒಂದು ವರ್ಷದ ಹಿಂದೆ ಅವರದೇ ಸರ್ಕಾರ, ತನ್ನ ಇಲಾಖೆಗಳ ಫೋನ್ ಮತ್ತು ಕಂಪ್ಯೂಟರ್‌ಗಳಿಂದ ಟಿಕ್‌ಟಾಕ್ ತೆಗೆದುಹಾಕಲು 30 ದಿನಗಳ ಗಡುವು ಕೊಟ್ಟಿತ್ತು. ಚೀನಾದ ಬೈಟ್‌ಡಾನ್ಸ್ ಕಂಪನಿ ಟಿಕ್‌ಟಾಕ್ ಅನ್ನು ಬೇರೆಯವರಿಗೆ ಮಾರದಿದ್ದರೆ ಅದಕ್ಕೆ ಅಮೆರಿಕದಲ್ಲಿ ಜಾಗವಿಲ್ಲ ಎನ್ನುವ ಕಾನೂನಿಗೆ ಬೈಡನ್ ಏಪ್ರಿಲ್ 24ರಂದು ಸಹಿ ಹಾಕಿದರು. ಆ ನಂತರವೂ ಪ್ರಚಾರದ ಖಾತೆ ನಡೆಯುತ್ತಲೇ ಇತ್ತು.

ಇದು ಒಂದೇ ಪಕ್ಷದ ಕಥೆಯಲ್ಲ. 2020ರಲ್ಲಿ ಟಿಕ್‌ಟಾಕ್ ನಿಷೇಧಕ್ಕೆ ಆದೇಶ ಹೊರಡಿಸಿದ್ದ ಡೊನಾಲ್ಡ್ ಟ್ರಂಪ್ 2024ರ ಜೂನ್‌ನಲ್ಲಿ ಅಲ್ಲೇ ಖಾತೆ ತೆರೆದರು. 2025ರ ಆಗಸ್ಟ್‌ನಲ್ಲಿ ಶ್ವೇತಭವನದ ಖಾತೆಯೂ ಬಂತು.

ಇದನ್ನು ನೋಡಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ. ‘ಅಪಾಯ ಅನ್ನುವುದೆಲ್ಲ ಬರೀ ಸುಳ್ಳು, ಇಲ್ಲದಿದ್ದರೆ ಇವರೇ ಬಳಸುತ್ತಿದ್ದರೇ?’ ಎನ್ನುವುದು ಒಂದು. ‘ಅಪಾಯ ನಿಜ, ಆದರೆ ಓಟಿನ ಆಸೆ ದೊಡ್ಡದು’ ಎನ್ನುವುದು ಇನ್ನೊಂದು. ಎರಡೂ ಅರ್ಧ ಸರಿ. ಯಾಕೆ ಎಂದು ಈ ಲೇಖನದಲ್ಲಿ ನೋಡೋಣ.

ಅಪಾಯ ಅಂದರೆ ಏನು?

ಸಾಮಾಜಿಕ ಜಾಲತಾಣದ ‘ಭದ್ರತಾ ಅಪಾಯ’ ಎಂದಾಗ ನಾವು ಮೂರು ಬೇರೆ ಬೇರೆ ವಿಷಯಗಳನ್ನು ಒಟ್ಟಿಗೆ ಕಲಸಿಬಿಡುತ್ತೇವೆ.

ಮೊದಲನೆಯದು ಮಾಹಿತಿ ಸೋರಿಕೆ. ಫೋನಿನಲ್ಲಿ ಆ್ಯಪ್ ಹಾಕಿಕೊಂಡರೆ, ನಾವು ಕೊಡುವ ಅನುಮತಿಗೆ ತಕ್ಕಂತೆ ಸಂಪರ್ಕ ಪಟ್ಟಿ, ಇರುವ ಜಾಗ, ನೋಡುವ ಅಭ್ಯಾಸ ಮುಂತಾದವು ಕಂಪನಿಗೆ ತಲುಪುತ್ತವೆ. 2022ರ ಡಿಸೆಂಬರ್‌ನಲ್ಲಿ ಬೈಟ್‌ಡಾನ್ಸ್, ತನ್ನ ಕೆಲವು ಉದ್ಯೋಗಿಗಳು ಪತ್ರಕರ್ತರ ಬಳಕೆದಾರ ಮಾಹಿತಿಯನ್ನು ಅಕ್ರಮವಾಗಿ ನೋಡಿದ್ದನ್ನು ಒಪ್ಪಿಕೊಂಡಿತು. ಚೀನಾದ 2017ರ ಗುಪ್ತಚರ ಕಾನೂನಿನ ಪ್ರಕಾರ ಅಲ್ಲಿನ ಸಂಸ್ಥೆಗಳು ಸರ್ಕಾರದ ಗುಪ್ತಚರ ಕೆಲಸಕ್ಕೆ ಸಹಕರಿಸಬೇಕು. ಸರ್ಕಾರಗಳ ಆತಂಕಕ್ಕೆ ಮುಖ್ಯ ಕಾರಣ ಇದು.

ಎರಡನೆಯದು ಖಾತೆಯ ಕಳವು. ಇದಕ್ಕೆ ಚೀನಾದ ಆ್ಯಪ್ ಬೇಕಿಲ್ಲ. 2021ರ ಡಿಸೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರ ಟ್ವಿಟರ್ ಖಾತೆ ಸ್ವಲ್ಪ ಹೊತ್ತು ಬೇರೆಯವರ ಕೈಗೆ ಸಿಕ್ಕು, ಭಾರತ ಬಿಟ್‌ಕಾಯಿನ್‌ಗೆ ಮಾನ್ಯತೆ ಕೊಟ್ಟಿದೆ ಎಂಬ ಸುಳ್ಳು ಸಂದೇಶ ಹೊರಬಿತ್ತು. 2024ರ ಜನವರಿಯಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆಯ ಎಕ್ಸ್ ಖಾತೆಗೂ ಇದೇ ಗತಿಯಾಯಿತು. ಆ ಖಾತೆಗೆ ಎರಡು ಹಂತದ ದೃಢೀಕರಣದ ರಕ್ಷಣೆ ಆಗ ಇರಲಿಲ್ಲ.

ಮೂರನೆಯದು ಪ್ರಭಾವ. ಯಾರಿಗೆ ಯಾವ ವಿಡಿಯೊ ಕಾಣಬೇಕು ಎಂದು ತೀರ್ಮಾನಿಸುವುದು ಕಂಪನಿಯ ಅಲ್ಗಾರಿದಮ್. ಸಂಘಟಿತ ಗುಂಪುಗಳು ಅದನ್ನು ದುರುಪಯೋಗ ಮಾಡಬಲ್ಲವು. 2024ರ ಡಿಸೆಂಬರ್‌ನಲ್ಲಿ ರೊಮೇನಿಯಾದ ಸಾಂವಿಧಾನಿಕ ನ್ಯಾಯಾಲಯ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತನ್ನೇ ರದ್ದು ಮಾಡಿತು. ಅದಕ್ಕೆ ಮುನ್ನ ಬಹಿರಂಗವಾಗಿದ್ದ ಗುಪ್ತಚರ ದಾಖಲೆಗಳಲ್ಲಿ, ಒಬ್ಬ ಅಭ್ಯರ್ಥಿಯ ಪರವಾಗಿ ಟಿಕ್‌ಟಾಕ್‌ನಲ್ಲಿ ಸಂಘಟಿತ ಪ್ರಚಾರ ನಡೆದಿದೆ ಎಂಬ ಆರೋಪವಿತ್ತು.

ಇಷ್ಟೆಲ್ಲ ಇದ್ದರೂ ಯಾಕೆ ಹೋಗುತ್ತಾರೆ?

ಮತದಾರರು ಅಲ್ಲಿದ್ದಾರೆ, ಅದಕ್ಕೆ. ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಗಳ ಪ್ರಕಾರ, ಅಮೆರಿಕದ 30 ವರ್ಷದೊಳಗಿನ ವಯಸ್ಕರಲ್ಲಿ ಟಿಕ್‌ಟಾಕ್‌ನಿಂದ ನಿಯಮಿತವಾಗಿ ಸುದ್ದಿ ಪಡೆಯುವವರು 2020ರಲ್ಲಿ ಶೇ 9ರಷ್ಟಿದ್ದರು. 2024ರಲ್ಲಿ ಅದು ಶೇ 39ಕ್ಕೆ ಏರಿತ್ತು. ಇವರಲ್ಲಿ ಎಷ್ಟೋ ಜನ ಪತ್ರಿಕೆ ಓದುವುದಿಲ್ಲ, ಟಿವಿ ಚರ್ಚೆ ನೋಡುವುದಿಲ್ಲ.

ದೂರ ಉಳಿಯುವುದಕ್ಕೂ ಬೆಲೆಯಿದೆ. ಜರ್ಮನಿಯಲ್ಲಿ ಮುಖ್ಯವಾಹಿನಿಯ ಪಕ್ಷಗಳು ಹಿಂಜರಿಯುತ್ತಿದ್ದಾಗ ಬಲಪಂಥೀಯ ಎಎಫ್‌ಡಿ ಪಕ್ಷ ಟಿಕ್‌ಟಾಕ್‌ನಲ್ಲಿ ಬೇರೆಲ್ಲರಿಗಿಂತ ಗಟ್ಟಿಯಾಗಿ ನೆಲೆಯೂರಿತು. 2024ರ ಏಪ್ರಿಲ್‌ನಲ್ಲಿ ಆಗಿನ ಚಾನ್ಸಲರ್ ಓಲಾಫ್ ಶೋಲ್ಜ್, ‘ನಾನು ಕುಣಿಯುವುದಿಲ್ಲ’ ಎಂದು ಮಾತುಕೊಟ್ಟು ಅಲ್ಲಿಗೆ ಕಾಲಿಟ್ಟರು. ಇದಕ್ಕೆ ವಿರುದ್ಧವಾಗಿ, ಬ್ರಿಟನ್ ಸಂಸತ್ತು 2022ರಲ್ಲಿ ಯುವಜನರಿಗಾಗಿ ತೆರೆದಿದ್ದ ಟಿಕ್‌ಟಾಕ್ ಖಾತೆಯನ್ನು ಸಂಸದರ ಆಕ್ಷೇಪದ ನಂತರ ಕೆಲವೇ ದಿನಗಳಲ್ಲಿ ಮುಚ್ಚಿತು.

ಬೇರೆ ಫೋನ್ ಇಟ್ಟುಕೊಂಡರೆ ಸಾಲದೆ?

ರಾಜಕಾರಣಿಗಳು ಸಾಮಾನ್ಯವಾಗಿ ಕೊಡುವ ಉತ್ತರ ಇದೇ. ಪ್ರಚಾರಕ್ಕೆ ಮಾತ್ರ ಒಂದು ಪ್ರತ್ಯೇಕ ಫೋನ್, ಅದರಲ್ಲಿ ಅಧಿಕೃತ ಮೇಲ್ ಇಲ್ಲ, ಸಂಪರ್ಕ ಪಟ್ಟಿ ಇಲ್ಲ, ಕಚೇರಿಯ ವೈಫೈ ಇಲ್ಲ. ಮೊದಲನೆಯ ಅಪಾಯದ ಮಟ್ಟಿಗೆ ಇದು ಒಳ್ಳೆಯ ಉಪಾಯವೇ. ಸರ್ಕಾರಿ ಫೋನಿನಲ್ಲಿ ನಿಷೇಧಿಸಿ, ಪ್ರತ್ಯೇಕ ಫೋನಿನಲ್ಲಿ ಬಳಸುವುದು ತಾಂತ್ರಿಕವಾಗಿ ವಿರೋಧಾಭಾಸವಲ್ಲ. ಎರಡನೆಯದಕ್ಕೂ ಗಟ್ಟಿ ಪಾಸ್‌ವರ್ಡ್, ಎರಡು ಹಂತದ ದೃಢೀಕರಣ ಎಂಬ ಪರಿಹಾರಗಳಿವೆ.

ಆದರೆ ಈ ಲೆಕ್ಕದಲ್ಲಿ ಒಬ್ಬರು ಬಿಟ್ಟುಹೋಗಿದ್ದಾರೆ. ಮತದಾರರು. ಅಭ್ಯರ್ಥಿಯ ಬಳಿ ಎರಡು ಫೋನ್ ಇರಬಹುದು, ಅವರ ವಿಡಿಯೊ ನೋಡುವ 19ರ ಹುಡುಗಿಯ ಬಳಿ ಇರುವುದು ಒಂದೇ. ಬ್ಯಾಂಕ್, ಕಾಲೇಜು, ಮನೆಯವರ ಫೋಟೊ ಎಲ್ಲ ಅದರಲ್ಲೇ. ಅಧ್ಯಕ್ಷರೇ ಬಳಸುತ್ತಾರೆ ಎಂದರೆ ಆ್ಯಪ್ ಸುರಕ್ಷಿತವೇ ಇರಬೇಕು ಎಂದು ಆಕೆ ಅಂದುಕೊಂಡರೆ ತಪ್ಪು ಆಕೆಯದಲ್ಲ. ಪ್ರಭಾವದ ಅಪಾಯವಂತೂ ಪೂರ್ತಿ ಆಕೆಯ ಮೇಲೆಯೇ. ಪ್ರತ್ಯೇಕ ಫೋನ್ ನಾಯಕರನ್ನು ಕಾಪಾಡುತ್ತದೆ, ಮತದಾರರನ್ನಲ್ಲ.

ಭಾರತಕ್ಕೆ ಇದರ ಸಂಬಂಧವೇನು?

ನಮ್ಮಲ್ಲಿ 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಲಾಯಿತು. ಅಲ್ಲಿಯವರೆಗೆ ಕೇಂದ್ರ ಸರ್ಕಾರದ ‘ಮೈಗವ್’ ಖಾತೆಯೂ ಟಿಕ್‌ಟಾಕ್‌ನಲ್ಲಿತ್ತು. ನಂತರ ಜನ ಇನ್‌ಸ್ಟಾಗ್ರಾಂ ರೀಲ್ಸ್, ಯೂಟ್ಯೂಬ್ ಶಾರ್ಟ್ಸ್‌ ಕಡೆ ಹೊರಳಿದರು. ಪಕ್ಷಗಳೂ ಹಿಂದೆಯೇ ಹೋದವು. ಹಾಗೆಂದು ಪ್ರಶ್ನೆ ಮುಗಿಯಲಿಲ್ಲ. 2018ರಲ್ಲಿ ಬಯಲಾದ ಕೇಂಬ್ರಿಜ್ ಅನಲಿಟಿಕಾ ಪ್ರಕರಣದಲ್ಲಿ ಸುಮಾರು 8.7 ಕೋಟಿ ಜನರ ಮಾಹಿತಿ ಅನುಚಿತವಾಗಿ ಹಂಚಿಕೆಯಾಗಿದ್ದು ಅಮೆರಿಕದ ಫೇಸ್‌ಬುಕ್‌ನಿಂದ. ಆ್ಯಪ್ ಯಾವ ದೇಶದ್ದು ಎನ್ನುವುದು ಮುಖ್ಯ, ಆದರೆ ಅದೊಂದೇ ಮುಖ್ಯವಲ್ಲ.

ಹಾಗಾದರೆ ಹೇಗೆ ತೂಗಬೇಕು?

ಸರ್ಕಾರ ಅಥವಾ ಪಕ್ಷವೊಂದು ಜಾಲತಾಣಕ್ಕೆ ಇಳಿಯುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು ಎಂದು ನಾವು ಭಾವಿಸುತ್ತೇವೆ.

- ಖಾತೆ ನಡೆಸುವ ಫೋನ್ ಕಚೇರಿಯ ಕೆಲಸದಿಂದ ಪೂರ್ತಿ ಬೇರೆಯಾಗಿದೆಯೇ? ಪಾಸ್‌ವರ್ಡ್ ಯಾರ ಬಳಿ ಇದೆ?
- ಅದೇ ಮಾಹಿತಿ ಆ ಆ್ಯಪ್ ಇಲ್ಲದವರಿಗೂ, ಸರ್ಕಾರದ ಅಥವಾ ಪಕ್ಷದ ಸ್ವಂತ ಜಾಲತಾಣದಲ್ಲಿ ಸಿಗುತ್ತದೆಯೇ?
- ಆ್ಯಪ್ ಬಗ್ಗೆ ತಮಗಿರುವ ಆತಂಕವನ್ನು ಅದೇ ಖಾತೆಯಲ್ಲಿ, ಅದೇ ಯುವಜನರಿಗೆ ನೇರವಾಗಿ ಹೇಳಿದ್ದಾರೆಯೇ?

ಮೂರನೆಯ ಪ್ರಶ್ನೆಗೆ ‘ಹೌದು’ ಎನ್ನುವವರು ವಿರಳ. ಯುವ ಮತದಾರರನ್ನು ತಲುಪುವುದು ತಪ್ಪಲ್ಲ, ಅದು ಪ್ರಜಾಪ್ರಭುತ್ವಕ್ಕೆ ಬೇಕಾದ ಕೆಲಸ. ತಮ್ಮ ಫೋನಿಗೆ ಅಪಾಯ ಎಂದು ತೆಗೆದದ್ದರ ಬಗ್ಗೆ ಮತದಾರರಿಗೆ ಎಚ್ಚರಿಕೆ ಹೇಳದೆ, ಅಲ್ಲೇ ಓಟು ಕೇಳುವುದು ಮಾತ್ರ ಸರಿಯಲ್ಲ.

ನೀವು ಮಾಡಬಹುದಾದದ್ದು ಇಷ್ಟು. ಯಾವುದೇ ಜಾಲತಾಣದ ಆ್ಯಪ್‌ಗೆ ಸಂಪರ್ಕ ಪಟ್ಟಿ ಮತ್ತು ಲೊಕೇಶನ್ ಅನುಮತಿ ಅಗತ್ಯವಿಲ್ಲದಿದ್ದರೆ ತೆಗೆದುಬಿಡಿ. ಎರಡು ಹಂತದ ದೃಢೀಕರಣ ಹಾಕಿಕೊಳ್ಳಿ. ನಾಯಕರ ವಿಡಿಯೊದಲ್ಲಿ ದೊಡ್ಡ ಘೋಷಣೆ ಕಂಡರೆ ಹಂಚುವ ಮುನ್ನ ಅಧಿಕೃತ ಜಾಲತಾಣದಲ್ಲೂ ಇದೆಯೇ ನೋಡಿ. ಪ್ರಧಾನಿಯ ಖಾತೆಯೇ ಕೈತಪ್ಪಿದ ಉದಾಹರಣೆ ನಮ್ಮ ಮುಂದಿದೆ.