ಪ್ರವಾಸ ಸಲಹೆಗಾರ: ವೃತ್ತಿಯ ಇತಿಹಾಸ

ಊರು ಬಿಟ್ಟು ಹೊರಟವರಿಗೆ ದಾರಿ, ವಾಹನ, ವಸತಿ, ವೀಸಾಗಳನ್ನು ಹೊಂದಿಸಿಕೊಡುವುದನ್ನೇ ಜೀವನೋಪಾಯ ಮಾಡಿಕೊಂಡವರು ಪ್ರವಾಸ ಸಲಹೆಗಾರರು. ಆಡುಮಾತಿನಲ್ಲಿ ಟ್ರಾವೆಲ್ ಏಜೆಂಟ್. ಕರ್ನಾಟಕದ ಊರುಗಳಲ್ಲಿ ಬರೀ ‘ಟ್ರಾವೆಲ್ಸ್‌ನವರು’ ಎನ್ನುವುದೂ ಉಂಟು. ಆ ಮಾತಿನೊಳಗೆ ಬಸ್ಸು, ಟ್ಯಾಕ್ಸಿ ಬಾಡಿಗೆಗೆ ಬಿಡುವವರೂ ಸೇರಿಹೋಗುತ್ತಾರೆ. ಏಜೆಂಟ್ ಎಂದರೆ ಇನ್ನೊಬ್ಬರ ಪರವಾಗಿ ಕೆಲಸ ಮಾಡುವವರು. ಯಾರ ಪರವಾಗಿ, ಪ್ರಯಾಣಿಕನದೋ ರೈಲು, ವಿಮಾನದವರದೋ ಎಂಬ ಪ್ರಶ್ನೆ ಈ ವೃತ್ತಿ ಹುಟ್ಟಿದಂದಿನಿಂದ ಬಗೆಹರಿದಿಲ್ಲ. ಕೂಲಿ ಕೊಟ್ಟವರು ಯಾರು ಎಂದು ಕೇಳುತ್ತ ಹೋದರೆ ಈ ಚರಿತ್ರೆಯ ತಿರುವುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಪೂರ್ವರೂಪಗಳು

ಕಾಶಿ, ಗಯಾ, ಹರಿದ್ವಾರಗಳ ತೀರ್ಥಪುರೋಹಿತರಾದ ಪಂಡಾಗಳು ಯಾತ್ರಿಕರನ್ನು ಎದುರುಗೊಂಡು, ಉಳಿಯಲು ಜಾಗ ತೋರಿಸಿ, ಕರ್ಮಗಳನ್ನು ಮಾಡಿಸಿ ಕಳಿಸುತ್ತಿದ್ದರು. ಇಂಥ ಊರಿನವರು ಇಂಥ ಪಂಡಾಗೆ ಎಂಬ ಹಂಚಿಕೆ ತಲೆಮಾರುಗಳಿಂದ ಬಂದದ್ದು. ಬಂದುಹೋದವರ ಹೆಸರು, ಊರು, ವಂಶಾವಳಿಗಳನ್ನು ‘ಬಹಿ’ ಎಂಬ ಉದ್ದನೆಯ ದಫ್ತರುಗಳಲ್ಲಿ ಬರೆದಿಡುವ ರೂಢಿ ಇಂದಿಗೂ ಇದೆ. ಗಿರಾಕಿಯ ವಿವರಗಳನ್ನು ಇಷ್ಟು ಕಾಲ ಜೋಪಾನ ಮಾಡಿದ ಪ್ರವಾಸ ಕಚೇರಿ ಬೇರೆ ಸಿಗಲಾರದು. ಗೋಕರ್ಣದ ಪುರೋಹಿತರ ಮನೆಗಳಲ್ಲೂ ಯಾತ್ರಿಕರಿಗೆ ಊಟ, ವಸತಿ, ಪೂಜೆಗಳ ಏರ್ಪಾಡು ಒಟ್ಟಿಗೇ ನಡೆಯುತ್ತಿತ್ತು. ಇಲ್ಲೆಲ್ಲ ದಕ್ಷಿಣೆ ಬರುತ್ತಿದ್ದುದು ಯಾತ್ರಿಕನ ಕೈಯಿಂದಲೇ.

ಯುರೋಪಿನಲ್ಲಿ ಹಳೆಯ ಹೆಸರು ಕಾಕ್ಸ್ ಆಂಡ್ ಕಿಂಗ್ಸ್ ಸಂಸ್ಥೆಯದು. ಅದು 1758ರಿಂದ ತನ್ನ ವಯಸ್ಸನ್ನು ಎಣಿಸುತ್ತದೆ. ಆದರೆ ಆಗ ರಿಚರ್ಡ್ ಕಾಕ್ಸ್ ಮಾಡುತ್ತಿದ್ದುದು ಬ್ರಿಟಿಷ್ ಸೇನಾ ತುಕಡಿಯ ಸಂಬಳ, ಸರಬರಾಜುಗಳ ಏಜೆಂಟಗಿರಿ. ಅದನ್ನು ಪ್ರವಾಸ ವ್ಯವಹಾರವೆನ್ನುವುದು ಸ್ವಲ್ಪ ಎಳೆದು ಹೇಳಿದ ಮಾತು. ಪೋರ್ಚುಗಲ್ಲಿನ ಪೋರ್ಟೊದಲ್ಲಿ 1840ರಲ್ಲಿ ಆರಂಭವಾದ ಅಬ್ರೆಯು ಸಂಸ್ಥೆ ಇಂದಿನ ಅರ್ಥಕ್ಕೆ ಹೆಚ್ಚು ಹತ್ತಿರ. ಬ್ರೆಜಿಲ್‌ಗೆ ವಲಸೆ ಹೋಗುವವರಿಗೆ ಪಾಸ್‌ಪೋರ್ಟ್, ಹಡಗಿನ ಟಿಕೆಟ್ ಮಾಡಿಸಿಕೊಡುವುದು ಅದರ ಮೊದಲ ಕಸುಬು. ವಿಹಾರಕ್ಕೆ ಹೋಗುವವರಿಗಿಂತ ಮೊದಲು ಏಜೆಂಟರ ಬಾಗಿಲು ತಟ್ಟಿದವರು ಹೊಟ್ಟೆಪಾಡಿಗೆ ಹೊರಟವರು.

ಥಾಮಸ್ ಕುಕ್

1841ರ ಜುಲೈ 5ರಂದು ಥಾಮಸ್ ಕುಕ್ ಎಂಬ ಪಾನನಿರೋಧ ಪ್ರಚಾರಕ ಇಂಗ್ಲೆಂಡಿನ ಲೆಸ್ಟರಿನಿಂದ ಲಫ್‌ಬರೋಗೆ ಸುಮಾರು 500 ಜನರನ್ನು ತಲೆಗೆ ಒಂದು ಶಿಲಿಂಗ್‌ನಂತೆ ರೈಲಿನಲ್ಲಿ ಕರೆದೊಯ್ದ. ಹೆಂಡದಂಗಡಿಯಿಂದ ದುಡಿಯುವ ಜನರನ್ನು ಬಿಡಿಸಲು ಇದೊಂದು ಉಪಾಯ ಎಂದು ಆತ ನಂಬಿದ್ದ. ಲಾಭಕ್ಕಾಗಿ ಪ್ರವಾಸ ಏರ್ಪಡಿಸಿದ್ದು 1845ರಲ್ಲಿ, ಲಿವರ್‌ಪೂಲಿಗೆ. 1851ರ ಲಂಡನ್ ಮಹಾಪ್ರದರ್ಶನಕ್ಕೆ ಆತನ ಮೂಲಕ ಹೋದವರು ಒಂದೂವರೆ ಲಕ್ಷಕ್ಕೂ ಹೆಚ್ಚು.

ಕುಕ್‌ನ ಸಂಪಾದನೆ ರೈಲ್ವೆ ಕಂಪನಿಗಳು ಬಿಟ್ಟುಕೊಡುವ ಪಾಲನ್ನು ಅವಲಂಬಿಸಿತ್ತು. ಅದರ ಅಪಾಯ ಬೇಗನೆ ಗೊತ್ತಾಯಿತು. 1862ರ ಹೊತ್ತಿಗೆ ಸ್ಕಾಟ್ಲೆಂಡಿನ ರೈಲ್ವೆಗಳು ಆತನ ಪ್ರವಾಸಗಳಿಗೆ ರಿಯಾಯಿತಿ ಟಿಕೆಟ್ ಕೊಡಲು ನಿರಾಕರಿಸಿದವು. ವರ್ಷಗಳಿಂದ ಬೆಳೆಸಿದ ಮಾರ್ಗ ಹೀಗೆ ಮುಚ್ಚಿಹೋದಾಗ ಕುಕ್ ಸ್ವಿಟ್ಜರ್ಲೆಂಡಿನ ಕಡೆ ತಿರುಗಿದ. 1863ರಲ್ಲಿ ಅಲ್ಲಿಗೆ ಮೊದಲ ತಂಡ ಹೋಯಿತು. ಸಾಗಿಸುವವರು ಕೈಬಿಟ್ಟರೆ ಏಜೆಂಟನ ಗತಿ ಏನು ಎಂಬುದರ ಮೊದಲ ಪಾಠ ಇದು. ಸುಮಾರು 130 ವರ್ಷಗಳ ನಂತರ ಇದೇ ಪಾಠ ಇನ್ನೂ ದೊಡ್ಡ ಪ್ರಮಾಣದಲ್ಲಿ ಮರುಕಳಿಸಿತು.

1868ರಲ್ಲಿ ಬಂದ ಹೋಟೆಲ್ ಕೂಪನ್, 1874ರ ಸರ್ಕ್ಯುಲರ್ ನೋಟ್ (ಟ್ರಾವೆಲರ್ಸ್ ಚೆಕ್ಕಿನ ಪೂರ್ವಜ), 1872–73ರಲ್ಲಿ 222 ದಿನಗಳ ಭೂಪ್ರದಕ್ಷಿಣೆ ಇವೆಲ್ಲ ಅದೇ ಸಂಸ್ಥೆಯ ಸಾಧನೆಗಳು. ಕೂಪನ್ನಿನ ಮಹತ್ವವನ್ನು ಕಡಿಮೆ ಅಂದಾಜು ಮಾಡಬಾರದು. ಭಾಷೆ ಬಾರದ ಊರಿನಲ್ಲಿ ಬೆಲೆಗಾಗಿ ಚೌಕಾಸಿ ಮಾಡುವ ಭಯವನ್ನು ಒಂದು ಚೀಟಿ ಹೋಗಲಾಡಿಸಿತು. ಸಲಹೆಗಾರರು ಮಾರುವ ಸರಕು ಸೀಟಲ್ಲ, ಧೈರ್ಯ ಎಂಬುದು ಆ ಚೀಟಿಯಲ್ಲೇ ಕಾಣುತ್ತದೆ.

ಮಗ ಜಾನ್ ಮೇಸನ್ ಕುಕ್‌ನ ಕಾಲದಲ್ಲಿ, 1881ರಲ್ಲಿ ಮುಂಬಯಿಯಲ್ಲಿ ಕಚೇರಿ ತೆರೆಯಿತು. 1886ರಲ್ಲಿ ಬ್ರಿಟಿಷ್ ಭಾರತ ಸರ್ಕಾರ ಹಜ್ ಯಾತ್ರಿಕರ ಪ್ರಯಾಣದ ಹೊಣೆಯನ್ನೂ ಈ ಸಂಸ್ಥೆಗೆ ವಹಿಸಿತು. ಕಿಕ್ಕಿರಿದ ಹಡಗು, ಜೆಡ್ಡಾದಲ್ಲಿ ದುಡ್ಡಿಲ್ಲದೆ ಸಿಕ್ಕಿಕೊಳ್ಳುವ ಬಡವರು, ರೋಗಭೀತಿ ಇವೆಲ್ಲದರ ನಡುವೆ ಲಾಭ ಹುಟ್ಟಲಿಲ್ಲ. ಸುಮಾರು ಒಂದು ದಶಕದಲ್ಲೇ ಏರ್ಪಾಡು ಕೊನೆಗೊಂಡಿತು. ಬ್ರಿಟನ್ನಿನ ಥಾಮಸ್ ಕುಕ್ ಸಂಸ್ಥೆ 2019ರ ಸೆಪ್ಟೆಂಬರ್ 23ರಂದು ದಿವಾಳಿಯಾಯಿತು. ಅದೇ ಹೆಸರಿನ ಭಾರತದ ಸಂಸ್ಥೆಗೆ 2012ರಿಂದಲೇ ಬೇರೆ ಒಡೆತನವಿದ್ದುದರಿಂದ ಅದು ಉಳಿದುಕೊಂಡಿತು.

ಕಮಿಷನ್ನಿನ ಕಾಲ

1945ರಲ್ಲಿ ಹವಾನಾದಲ್ಲಿ ಅಂತರರಾಷ್ಟ್ರೀಯ ವಿಮಾನ ಕಂಪನಿಗಳ ಒಕ್ಕೂಟ ಐಎಟಿಎ (ಆಡುಮಾತಿನಲ್ಲಿ ‘ಅಯಾಟ’) ರೂಪುಗೊಂಡಿತು. ದರಗಳನ್ನು ಕಂಪನಿಗಳೇ ಕೂಡಿ ಗೊತ್ತುಮಾಡುತ್ತಿದ್ದವು, ಏಜೆಂಟರ ಕಮಿಷನ್ನೂ ಅಲ್ಲೇ ಗೊತ್ತಾಗುತ್ತಿತ್ತು. ಗಿರಾಕಿ ನೇರವಾಗಿ ವಿಮಾನ ಕಂಪನಿಗೆ ಹೋದರೂ, ಏಜೆಂಟರ ಬಳಿ ಕೊಂಡರೂ ಬೆಲೆ ಒಂದೇ. ಸಲಹೆ ‘ಪುಕ್ಕಟೆ’ ಎಂಬ ಭಾವನೆ ಬೇರೂರಿದ್ದು ಈ ಕಾಲದಲ್ಲಿ. ವೃತ್ತಿಗೆ ಮುಂದೆ ಅದೇ ಕಂಟಕವಾಯಿತು. ಅಯಾಟ ಮಾನ್ಯತೆ ಪಡೆಯಲು ಬ್ಯಾಂಕ್ ಗ್ಯಾರಂಟಿ ಇಡಬೇಕು, ಟಿಕೆಟ್ ಮಾರಿದ ಹಣವನ್ನು ಗೊತ್ತಾದ ದಿನಕ್ಕೆ ಕಟ್ಟಬೇಕು. 1971ರಲ್ಲಿ ಜಪಾನಿನಲ್ಲಿ ಶುರುವಾದ ಬಿಎಸ್‌ಪಿ ಎಂಬ ಲೆಕ್ಕಪದ್ಧತಿ ಇದನ್ನೆಲ್ಲ ಒಂದೇ ಕಡೆ ತಂದಿತು. ದರ ಹಾಕುವುದರಲ್ಲಿ ತಪ್ಪಿದರೆ ವಿಮಾನ ಕಂಪನಿಯಿಂದ ಎಡಿಎಂ, ಅಂದರೆ ವ್ಯತ್ಯಾಸ ಕಟ್ಟಿ ಎಂಬ ಚೀಟಿ ಬರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಅದಕ್ಕೆ ಹೆದರುವಷ್ಟು ಯಜಮಾನರಿಗೂ ಹೆದರುವುದಿಲ್ಲ.

ಅಮೆರಿಕನ್ ಏರ್‌ಲೈನ್ಸ್ ಮತ್ತು ಐಬಿಎಂ ಸೇರಿ 1960ರ ಸುಮಾರಿಗೆ ಚಾಲನೆಗೆ ತಂದ ‘ಸೇಬರ್’ ಎಂಬ ಕಾಯ್ದಿರಿಸುವಿಕೆಯ ಕಂಪ್ಯೂಟರ್ ಜಾಲ 1976ರಿಂದ ಏಜೆಂಟರ ಮೇಜಿಗೂ ಬಂತು. 1978ರಲ್ಲಿ ಅಮೆರಿಕ ವಿಮಾನ ದರಗಳ ಮೇಲಿನ ಸರ್ಕಾರಿ ಹಿಡಿತ ಬಿಟ್ಟಿತು. ದರಗಳು ಸಿಕ್ಕುಸಿಕ್ಕಾದಷ್ಟೂ ಅವನ್ನು ಬಿಡಿಸಬಲ್ಲವರಿಗೆ ಬೆಲೆ ಏರಿತು. ಆದರೆ ಸೇಬರ್‌ನ ಪರದೆ ತನ್ನ ಒಡೆಯನ ವಿಮಾನಗಳನ್ನೇ ಮೇಲೆ ತೋರಿಸುತ್ತಿತ್ತು. ಅವಸರದಲ್ಲಿ ಏಜೆಂಟರು ಮೊದಲ ಸಾಲನ್ನೇ ಆರಿಸುತ್ತಿದ್ದರು. ಈ ಪಕ್ಷಪಾತವನ್ನು 1984ರಲ್ಲಿ ನಿಯಮ ಮಾಡಿ ನಿಷೇಧಿಸಬೇಕಾಯಿತು. ಏಜೆಂಟರು ಯಾರ ಪರ ಎಂಬ ಪ್ರಶ್ನೆ ಯಂತ್ರದೊಳಗೂ ಹೊಕ್ಕಿತ್ತು. ಯುರೋಪಿನ ಅಮಾಡಿಯಸ್, ಗೆಲಿಲಿಯೊ ಜಾಲಗಳು 1987ರಲ್ಲಿ ಹುಟ್ಟಿದವು. ಇವುಗಳ ಸಂಕೇತಾಕ್ಷರಗಳನ್ನು ಬಾಯಿಪಾಠ ಮಾಡುವುದು ಇಂದಿಗೂ ಟಿಕೆಟಿಂಗ್ ಕಲಿಕೆಯ ಮೊದಲ ಮೆಟ್ಟಿಲು.

ಭಾರತ ಮತ್ತು ಕರ್ನಾಟಕ

ಭಾರತದ ಏಜೆಂಟರ ಸಂಘ ಟಿಎಎಐ 1951ರಲ್ಲಿ ಸ್ಥಾಪನೆಯಾಯಿತು. ಆಗಿನ ಕಚೇರಿಗಳ ಮುಖ್ಯ ಕೆಲಸ ಕಾಗದಪತ್ರ. ವಿದೇಶಿ ವಿನಿಮಯದ ಬಿಗಿ ಇದ್ದ ಕಾಲ. ರಿಸರ್ವ್ ಬ್ಯಾಂಕಿನ ‘ಪಿ ಫಾರ್ಮ್’ ಇಲ್ಲದೆ ಹೊರದೇಶದ ಟಿಕೆಟ್ ಕೈಗೆ ಬರುತ್ತಿರಲಿಲ್ಲ. ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ 1971ರಲ್ಲಿ ಬಂತು. ಅದರ ಪ್ಯಾಕೇಜ್ ಬಸ್ಸುಗಳು ಒಳನಾಡಿನ ಪ್ರವಾಸವನ್ನು ಮಧ್ಯಮವರ್ಗದ ಕೈಗೆಟುಕಿಸಿದವು.

ಕನ್ನಡನಾಡಿನಲ್ಲಿ ಈ ವೃತ್ತಿಗೆ ತನ್ನದೇ ಸ್ವರೂಪ ಬಂದದ್ದು ಕರಾವಳಿಯಲ್ಲಿ. 1970ರ ದಶಕದಲ್ಲಿ ಗಲ್ಫ್ ದೇಶಗಳಲ್ಲಿ ಕೆಲಸ ತೆರೆದಾಗ ಮಂಗಳೂರು, ಉಡುಪಿ, ಭಟ್ಕಳಗಳಿಂದ ಜನ ಹೊರಟರು. ಬಜ್ಪೆ ವಿಮಾನ ನಿಲ್ದಾಣ 1951ರಿಂದ ಇದ್ದರೂ ಅಲ್ಲಿಂದ ನೇರ ವಿದೇಶಿ ವಿಮಾನ ಹಾರಿದ್ದು 2006ರಲ್ಲಿ. ಅಲ್ಲಿಯತನಕ ಹೆಚ್ಚಿನವರಿಗೆ ಮುಂಬಯಿಯೇ ಬಾಗಿಲು. ಮುಂಬಯಿಗೆ ಬಸ್ಸು, ಅಲ್ಲಿ ತಂಗಲು ಜಾಗ, ಮೆಡಿಕಲ್, ವೀಸಾ ಸ್ಟ್ಯಾಂಪಿಂಗ್, ಟಿಕೆಟ್ ಎಲ್ಲವನ್ನೂ ಒಂದೇ ಕಚೇರಿಯವರು ನೋಡಿಕೊಳ್ಳಬೇಕಾಗುತ್ತಿತ್ತು. ಹತ್ತನೇ ತರಗತಿ ಮುಗಿಸದವರ ಪಾಸ್‌ಪೋರ್ಟಿಗೆ ವಲಸೆ ಅನುಮತಿಯ ಷರತ್ತು ಬೀಳುತ್ತಿದ್ದರಿಂದ ಅದನ್ನು ಬಿಡಿಸುವುದೂ ಅವರದೇ ಪಾಲು. 1983ರ ವಲಸೆ ಕಾಯ್ದೆ ಪ್ರಕಾರ ವಿದೇಶಕ್ಕೆ ಕೆಲಸಗಾರರನ್ನು ನೇಮಿಸಲು ಪ್ರತ್ಯೇಕ ಪರವಾನಗಿ ಬೇಕು. ಟಿಕೆಟ್ ಮಾರುವವರು ಕೆಲಸವನ್ನೂ ಮಾರತೊಡಗಿದಲ್ಲೆಲ್ಲ ಮೋಸಹೋದವರ ಕಥೆಗಳಿವೆ, ‘ಏಜೆಂಟ್’ ಎಂಬ ಮಾತಿಗೆ ಅಂಟಿದ ಕೆಟ್ಟ ವಾಸನೆಗೆ ಇವೂ ಕಾರಣ. ಪೋರ್ಟೊದಿಂದ ಬ್ರೆಜಿಲ್‌ಗೆ ನಡೆದದ್ದು ಇಲ್ಲಿ ಇನ್ನೊಂದು ಕಡಲಂಚಿನಲ್ಲಿ ನಡೆಯಿತು.

ಬೆಂಗಳೂರಿನ ದಾರಿ ಬೇರೆ. ಸಾಫ್ಟ್‌ವೇರ್ ಕಂಪನಿಗಳು ಬೆಳೆದಂತೆ ಏಜೆನ್ಸಿಗಳು ಅವುಗಳ ಆವರಣದೊಳಗೇ ಸಿಬ್ಬಂದಿ ಕೂರಿಸಿದವು. ವೃತ್ತಿಯವರು ಇದನ್ನು ‘ಇಂಪ್ಲಾಂಟ್’ ಎನ್ನುತ್ತಾರೆ. ಅಮೆರಿಕ ವೀಸಾ ಸಂದರ್ಶನಕ್ಕೆ ಚೆನ್ನೈಗೆ ಹೋಗಿಬರುವ ಏರ್ಪಾಡಿನಿಂದ ಹಿಡಿದು ನಡುರಾತ್ರಿ ತಪ್ಪಿದ ಸಂಪರ್ಕ ವಿಮಾನದ ತನಕ ಅವರ ಕೆಲಸ.

ಕಮಿಷನ್ ನಿಂತ ಮೇಲೆ

1995ರಲ್ಲಿ ಡೆಲ್ಟಾ ಏರ್‌ಲೈನ್ಸ್ ಅಮೆರಿಕದೊಳಗಿನ ಹೋಗಿಬರುವ ಟಿಕೆಟ್ಟಿನ ಕಮಿಷನ್ನಿಗೆ 50 ಡಾಲರುಗಳ ಮಿತಿ ಹಾಕಿತು, 2002ರಲ್ಲಿ ಪೂರ್ತಿ ನಿಲ್ಲಿಸಿತು. ಉಳಿದ ಕಂಪನಿಗಳೂ ಹಿಂಬಾಲಿಸಿದವು. ಈ ನಡುವೆ 1996ರಲ್ಲಿ ಎಕ್ಸ್‌ಪೀಡಿಯ, ಟ್ರಾವೆಲೊಸಿಟಿ ಜಾಲತಾಣಗಳು ತೆರೆದುಕೊಂಡಿದ್ದವು. ಭಾರತದಲ್ಲಿ ಮೇಕ್‌ಮೈಟ್ರಿಪ್ 2000ದಲ್ಲಿ ಸ್ಥಾಪನೆಯಾಯಿತು. ಐಆರ್‌ಸಿಟಿಸಿ 2002ರಲ್ಲಿ ರೈಲು ಟಿಕೆಟನ್ನು ಅಂತರಜಾಲಕ್ಕೆ ತಂದಿತು. 2008ರ ಜೂನ್ 1ರಿಂದ ಅಯಾಟ ಕಾಗದದ ಟಿಕೆಟನ್ನೇ ಕೈಬಿಟ್ಟಿತು. ಅದೇ ವರ್ಷದ ಕೊನೆಗೆ ಭಾರತದಲ್ಲೂ ವಿಮಾನ ಕಂಪನಿಗಳು ಕಮಿಷನ್ ನಿಲ್ಲಿಸಲು ಹೊರಟಾಗ ಏಜೆಂಟರು ಬಹಿಷ್ಕಾರಕ್ಕೆ ಇಳಿದರು. ಟಿಕೆಟ್ ಬರೆಯುವುದನ್ನಷ್ಟೇ ಬಲ್ಲ ಅಂಗಡಿಗಳು ಮುಚ್ಚಿದವು. ಉಳಿದವರು ಮಧುಚಂದ್ರ, ಕುಟುಂಬ ಪ್ರವಾಸ, ಯಾತ್ರಾ ತಂಡ, ಕಂಪನಿ ಸಮ್ಮೇಳನ ಹೀಗೆ ಒಂದೊಂದು ಹಾದಿ ಹಿಡಿದರು.

ಕೋವಿಡ್ ಕಾಲ ಹಳೆಯ ಪ್ರಶ್ನೆಯನ್ನು ಮತ್ತೆ ಕೆದಕಿತು. ವಿಮಾನ ರದ್ದಾಗಿದೆ, ಹಣ ಕಂಪನಿಯಲ್ಲಿದೆ, ಗಿರಾಕಿ ಏಜೆಂಟರ ಬಾಗಿಲಲ್ಲಿದ್ದಾನೆ. 2020ರ ಅಕ್ಟೋಬರ್ 1ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಏಜೆಂಟರ ಮೂಲಕ ಕೊಂಡ ಟಿಕೆಟ್ಟಿನ ಮರುಪಾವತಿ ಅವರ ಮೂಲಕವೇ ಗಿರಾಕಿಗೆ ತಲುಪಬೇಕೆಂದಿತು.

ಅಮೆರಿಕದ ಏಜೆಂಟರ ಸಂಘ 2018ರಲ್ಲಿ ತನ್ನ ಹೆಸರಿನಲ್ಲಿದ್ದ ‘ಏಜೆಂಟ್ಸ್’ ತೆಗೆದು ‘ಅಡ್ವೈಸರ್ಸ್’ ಎಂದು ಬದಲಿಸಿಕೊಂಡಿತು. ಇದು ಬರೀ ಅಲಂಕಾರವಲ್ಲ. ಕಮಿಷನ್ ಹೋದ ಮೇಲೆ ಕೂಲಿ ಮತ್ತೆ ಪ್ರಯಾಣಿಕನ ಕೈಯಿಂದಲೇ ಬರುವಂತಾಗಿದೆ.

ವೃತ್ತಿಜೀವನ

ಗ್ವಾಲಿಯರ್‌ನ ಪ್ರವಾಸೋದ್ಯಮ ಅಧ್ಯಯನ ಸಂಸ್ಥೆ (1983), ವಿಶ್ವವಿದ್ಯಾಲಯಗಳ ಪದವಿ, ಅಯಾಟ ಡಿಪ್ಲೊಮಾ ಇವು ಓದಿನ ಹಾದಿಗಳು. ಆದರೆ ಹೆಚ್ಚಿನವರು ಕಲಿಯುವುದು ಕೌಂಟರಿನಲ್ಲೇ. ಮೊದಲು ಟಿಕೆಟಿಂಗ್, ಆಮೇಲೆ ವೀಸಾ ಕಾಗದ, ಆಮೇಲೆ ಪ್ರವಾಸದ ದಿನಚರಿ ಹೊಂದಿಸುವುದು. ನಡುವೆ ಜಾಗದ ಪರಿಚಯಕ್ಕೆಂದು ಹೋಟೆಲಿನವರು ಕರೆದೊಯ್ಯುವ ‘ಫ್ಯಾಮ್ ಟ್ರಿಪ್’. ಹತ್ತು ವರ್ಷ ದುಡಿದವರ ಬಂಡವಾಳ ಅವರ ಫೋನಿನಲ್ಲಿರುವ ಗಿರಾಕಿಗಳು. ಅವರನ್ನು ನಂಬಿಯೇ ಹಲವರು ಸ್ವಂತ ಕಚೇರಿಗೆ, ಈಚೆಗೆ ಮನೆಯಿಂದಲೇ ನಡೆಸುವ ವ್ಯವಹಾರಕ್ಕೆ ಇಳಿಯುತ್ತಾರೆ.

ಸಲಹೆಗೆ ಶುಲ್ಕ ಕೇಳುವುದು ಮಾತ್ರ ನಮ್ಮಲ್ಲಿ ಈಗಲೂ ಸಂಕೋಚದ ಸಂಗತಿ. ಎರಡು ವಾರ ಕೂತು ಮಾಡಿದ ಯೋಜನೆಯನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ಬೇರೆಡೆ ಬುಕ್ ಮಾಡುವವರಿಗೆ ಉಪಾಯವಾಗಿ ಕೆಲವರು ಮುಂಗಡವಾಗಿ ಒಂದು ಮೊತ್ತ ಪಡೆದು, ಗಿರಾಕಿ ತಮ್ಮಲ್ಲೇ ಬುಕ್ ಮಾಡಿದರೆ ಬಿಲ್ಲಿನಲ್ಲಿ ಕಳೆಯುತ್ತಾರೆ. ಉಳಿದವರು ಶುಲ್ಕವನ್ನು ‘ಸರ್ವಿಸ್ ಚಾರ್ಜ್’ ಎಂದು ಕೊನೆಯ ಸಾಲಿನಲ್ಲಿ, ಜಿಎಸ್‌ಟಿಯ ಪಕ್ಕದಲ್ಲಿ ಸಣ್ಣದಾಗಿ ಬರೆಯುತ್ತಾರೆ.